ಕಾರ್ಡಿನ ಭಾರ

ಹೊಸ ಡಬ್ಬಿ ಬಂದು ಆರು ದಿನ.
ಏಳು ದಾಟಿದರೆ ವಾಪಸು ಇಲ್ಲವೆಂದು
ನವೀ ಪೇಠಿನ ತುಷಾರ ಕ್ಷೀರಸಾಗರ
ಬಿಲ್ಲಿನ ಬೆನ್ನಿಗೆ ಮರಾಠಿಯಲ್ಲಿ ಬರೆದು
ಕೆಳಗೆ ಗೆರೆ ಎಳೆದಿದ್ದಾನೆ.

ಗುಂಡಿ ಒತ್ತುತ್ತೇನೆ. ಪಂಖ ತಿರುಗುತ್ತದೆ.
ನಾನು ಕೇಳದ, ಪುಕ್ಕಟೆ ಬಂದ ಕೆಂಪು ನೀಲಿ ದೀಪ
ಮದುವೆ ಮನೆಯ ಹಂದರದಂತೆ ಓಡಾಡುತ್ತದೆ.
ಪರದೆ ಮಾತ್ರ ಕಪ್ಪು.
ಒಮ್ಮೊಮ್ಮೆ ಹತ್ತು ನಿಮಿಷ ಜೀವ ಬರುತ್ತದೆ,
ಚಾದರದ ನವಿಲು ಕೊರಳೆತ್ತುವಷ್ಟರಲ್ಲಿ
ಮೈತುಂಬ ಹಸಿರು ಗೀಟು, ಜಾಂಬಳಿ ಚೌಕ,
ಆಮೇಲೆ ಏನೂ ಇಲ್ಲ.

ಎಲ್ಲ ಮಾಡಿದೆ.
ಕೇಬಲ್ಲು ತಿರುವಿ ಹಾಕಿದೆ. ಡ್ರೈವರು ಕಿತ್ತು ಹೊಸದು ಹೂಡಿದೆ,
ಅದನ್ನೂ ಕಿತ್ತು ಹಳೆಯದು.
ಮಗಳ ಕಂಪಾಸಿನ ರಬ್ಬರಿನಿಂದ ಕಾರ್ಡಿನ ಚಿನ್ನದ ಹಲ್ಲು ತಿಕ್ಕಿ
ಉಸಿರು ಬಿಗಿಹಿಡಿದು ಮತ್ತೆ ಕೂರಿಸಿದೆ.
ಕಾರ್ಡು ತೆಗೆದಿಟ್ಟರೆ ಯಂತ್ರ ತಣ್ಣಗೆ ನಡೆಯುತ್ತದೆ,
ಎರಡು ಸಾವಿರದ ನಾನೂರು ಎಳೆಯ ಡಿಜೈನು ಮಾತ್ರ
ಎತ್ತು ಬಿಚ್ಚಿದ ಬಂಡಿಯ ಹಾಗೆ ನಿಂತುಬಿಡುತ್ತದೆ.

ಇದು ಸೊಲ್ಲಾಪುರ, ಅಕ್ಕಲಕೋಟ ರಸ್ತೆ.
ಬದಿಯ ಶೆಡ್ಡಿನ ಮಗ್ಗ ಎದ್ದಾಗ ವೋಲ್ಟೇಜು ಕುಸಿಯುತ್ತದೆಂದು
ರಾತ್ರಿ ಎರಡಕ್ಕೆ ಎದ್ದು, ಮಗ್ಗ ನಿಂತ ಹೊತ್ತು ನೋಡಿ ಹಚ್ಚಿದೆ.
ಆಗಲೂ ಕಪ್ಪು.
ಅದರಲ್ಲಿ ನನ್ನದೇ ಮುಖ, ಕೂದಲಲ್ಲಿ ಹತ್ತಿಯ ನವಿರು.

ಫೋನಿನಲ್ಲಿ ತುಷಾರ: "ಕಾರ್ಡ್ ಚಾಂಗಲಾ ಆಹೇ, ಮೇಡಂ.
ನಿಮ್ ಲೈಟಿಂದೇ ತಪ್ಪು."
ಲೈಟಿನವ ಮೀಟರು ನೋಡಿ ನಕ್ಕ:
"ನಮ್ದೇನಿಲ್ರಿ ಬಾಯಿ, ಡಬ್ಬಿ ನೋಡ್ರಿ."
ತಪ್ಪು ಇಬ್ಬರ ನಡುವೆ ಲಾಳಿಯಂತೆ ಓಡಾಡಿತು,
ಬಟ್ಟೆ ಮಾತ್ರ ಒಂದು ಗೇಣೂ ಬೆಳೆಯಲಿಲ್ಲ.

ಸಂಜೆ ಚಹಾಕ್ಕೆ ಅಂಬಾದಾಸ ಗುಂಡೇಟಿ ಬಂದ.
ನಲವತ್ತು ವರ್ಷ ಜಕಾರ್ಡಿನ ರಟ್ಟಿಗೆ ತೂತು ಹೊಡೆದವನು.
ಮನೆಯಲ್ಲಿ ತೆಲುಗು, ಬಜಾರಿನಲ್ಲಿ ಮರಾಠಿ,
ನನ್ನ ಜೊತೆ ಎರಡನ್ನೂ ಕಲೆಸಿದ ಕನ್ನಡ.
"ಕಾರ್ಡ ಕೆಟ್ಟದ ಮಾಮಾ" ಅಂದೆ.
"ಯಾವ ತೂತು?" ಅಂದ.

ನಕ್ಕೆ. ಅವನು ನಗಲಿಲ್ಲ.
"ಬಟ್ಟಿ ನೋಡಿ ತಪ್ಪು ಹುಡುಕಬಾರದವ್ವಾ.
ಒಂದು ತೂತು ತಪ್ಪಿದರ ಸಾವಿರ ನವಿಲು ಕುಂಟತಾವ.
ಕಾರ್ಡ ಹ್ಯಾಂಗ ಕುಂತದ, ಮೊದಲ ಅದನ್ನ ನೋಡು."

ಬದಿಯ ತಗಡು ತೆಗೆದೆ, ಅವನು ಮೊಬೈಲಿನ ಬೆಳಕು ಹಿಡಿದ.
ಮೂರು ಪಂಖದ ದಪ್ಪ ಕಾರ್ಡು,
ಒಂದು ತುದಿಗೆ ಸ್ಕ್ರೂ, ಇನ್ನೊಂದಕ್ಕೆ ಆಧಾರವೇ ಇಲ್ಲ.
ಎರಡು ನೂಲು ಕೆಳಗೆ ವಾಲಿತ್ತು.
ಆರು ದಿನ ಇದೇ ವಾಲು ನೋಡಿದ್ದೆ,
ಅದು ಇರುವುದೇ ಹಾಗೆ ಅಂದುಕೊಂಡಿದ್ದೆ.

ಅಂಗಿಯ ಜೇಬಿನಿಂದ ಒಂದು ಖಾಲಿ ಕಟ್ಟಿಗೆ ಕಂಡಿಕೆ ತೆಗೆದ.
ಬೆರಳಲ್ಲಿ ಎತ್ತರ ಅಳೆದು, ಹ್ಯಾಕ್ಸಾ ಬ್ಲೇಡಿನಿಂದ ತುದಿ ಕೊಯ್ದು,
ಕಾರ್ಡಿನ ಕೆಳಗೆ ನಿಲ್ಲಿಸಿದ.

ಗುಂಡಿ. ಪಂಖ. ದೀಪ.
ನವಿಲು.
ಹತ್ತು ನಿಮಿಷ. ಇಪ್ಪತ್ತು. ಬದಿಯಲ್ಲಿ ಮಗ್ಗ ಎದ್ದು
ನೆಲ ನಡುಗಿತು, ನವಿಲು ನಡುಗಲಿಲ್ಲ.
ಆರಿಸಿ, ಕಂಡಿಕೆ ಎಳೆದು, ಮತ್ತೆ ಹಚ್ಚಿದೆ: ಕಪ್ಪು.

ನಾಳೆ ಏಳನೆಯ ದಿನ.
ಒಯ್ದರೆ ತುಷಾರ ಡಬ್ಬಿಯನ್ನು ಟೇಬಲ್ಲಿನ ಮೇಲೆ ಅಡ್ಡ ಮಲಗಿಸಿ ಹಚ್ಚುತ್ತಾನೆ.
ಮಲಗಿದರೆ ಕಾರ್ಡು ವಾಲುವುದಿಲ್ಲ, ಚೆನ್ನಾಗಿಯೇ ನಡೆಯುತ್ತದೆ,
"ಬಘಾ ಮೇಡಂ" ಅನ್ನುತ್ತಾನೆ.
ಇಟ್ಟುಕೊಂಡರೆ
ಮೂವತ್ತೊಂದು ಸಾವಿರ ರೂಪಾಯಿ ಒಂದು ಕಟ್ಟಿಗೆ ತುಂಡಿನ ಮೇಲೆ.
ಕಾರ್ಡಿನದೋ, ಅದನ್ನು ಹಿಡಿದ ಸ್ಲಾಟಿನದೋ,
ತಪ್ಪು ಇನ್ನೂ ತನ್ನ ಹೆಸರು ಹೇಳಿಲ್ಲ.

ಕಂಡಿಕೆ ಮತ್ತೆ ಇಟ್ಟೆ.
ಅಂಬಾದಾಸ ಆರಿದ ಚಹಾ ಕುಡಿಯುತ್ತ ಪರದೆಗೆ ಮೂಗು ತಾಗಿಸಿದ.
"ನವಿಲಿಗಿ ಕಣ್ಣೆಲ್ಲಿ?"
"ಇನ್ನೂ ಹಾಕಿಲ್ಲ ಮಾಮಾ. ಕಣ್ಣಿಗೆ ಬರೂದ್ರಾಗ ಹೋಗಿಬಿಡತಿತ್ತು."
"ಹಾಕು ಮತ್ತ" ಅಂದ,
ಕುರ್ಚಿ ಎಳೆದು ಪಕ್ಕಕ್ಕೆ ಕೂತ.